ರೇಡಿಯೇಟರಿನ ನೀರು ಎಲ್ಲಿಗೆ ಹೋಗುತ್ತದೆ?



ಬೆಳಗ್ಗೆ ಏಳು ಗಂಟೆಗೆ ಉತ್ತರಹಳ್ಳಿಯ ಮುಖ್ಯರಸ್ತೆಯ ಅಂಚಿನಲ್ಲಿ ಹತ್ತು ನಿಮಿಷ ನಿಂತು ನೋಡಿ. ಕೆಂಗೇರಿಯ ಕಡೆಗೆ, ಬನಶಂಕರಿಯ ಕಡೆಗೆ, ಕನಕಪುರ ರಸ್ತೆಯ ಕಡೆಗೆ ಸಾಗುವ ವಾಹನಗಳ ನಡುವೆ ಹಳೆಯ ಡೀಸೆಲ್ ಗಾಡಿಗಳು ನಿಮ್ಮ ಕಣ್ಣಿಗೆ ಬೀಳುತ್ತವೆ. 1994ರಲ್ಲಿ ಮಾರುಕಟ್ಟೆಗೆ ಬಂದ ಟಾಟಾ ಸುಮೋ ಒಂದು. ಮೈಸೂರು ರಸ್ತೆಯ ಬಿಡದಿಯಲ್ಲಿ 2000ದಿಂದ 2005ರವರೆಗೆ ತಯಾರಾದ, 2446 ಸಿಸಿ ಎಂಜಿನ್ನಿನ ಟೊಯೋಟಾ ಕ್ವಾಲಿಸ್ ಇನ್ನೊಂದು. ತರಕಾರಿ ಹೊತ್ತು ಓಡುವ, 2005ರಲ್ಲಿ ಶುರುವಾದ ಟಾಟಾ ಏಸ್ ಮತ್ತೊಂದು. ಮಕ್ಕಳನ್ನು ಶಾಲೆಗೆ ಒಯ್ಯುವ ವ್ಯಾನುಗಳೂ ಇವೆ. ಇವುಗಳಲ್ಲಿ ಹಲವು ಒಂದೊಂದು ಮನೆಯ ಅನ್ನದ ದಾರಿ.

ಇಂಥ ಗಾಡಿಯೊಂದು ನಿಮ್ಮ ಮನೆಯಲ್ಲೋ ನೆರೆಯಲ್ಲೋ ಇದ್ದರೆ ಈ ಮಾತು ನಿಮ್ಮ ಕಿವಿಗೆ ಬಿದ್ದೇ ಇರುತ್ತದೆ: “ಎಲ್ಲೂ ಸೋರ್ತಾ ಇಲ್ಲ, ಆದ್ರೂ ವಾರಕ್ಕೊಂದು ಸಲ ನೀರು ಹಾಕ್ಬೇಕು.” ನೆಲದ ಮೇಲೆ ಒಂದು ಹನಿಯೂ ಇಲ್ಲ. ಆದರೂ ನೀರು ಕಡಿಮೆಯಾಗುತ್ತದೆ. ಹೆಚ್ಚಿನವರು ಇದನ್ನು ವಯಸ್ಸಾದ ಗಾಡಿಯ ಸ್ವಭಾವವೆಂದು ಒಪ್ಪಿಕೊಂಡು, ಒಂದು ಬಾಟಲಿ ನೀರನ್ನು ಸೀಟಿನ ಕೆಳಗೆ ಇಟ್ಟುಕೊಂಡು ಓಡಾಡುತ್ತಾರೆ. ಇದು ಸ್ವಭಾವವಲ್ಲ. ಎಂಜಿನ್ನಿನ ನೀರಿನ ವ್ಯವಸ್ಥೆ ಮುಚ್ಚಿದ ವ್ಯವಸ್ಥೆ. ಅದರಿಂದ ತಿಂಗಳುಗಟ್ಟಲೆ ಹೇಳಿಕೊಳ್ಳುವಷ್ಟು ನೀರು ಹೋಗಬಾರದು. ಹೋಗುತ್ತಿದೆ ಎಂದರೆ ಎಲ್ಲೋ ಒಂದು ದಾರಿ ಇದೆ. ಆ ದಾರಿಯನ್ನು ಹುಡುಕುವುದಕ್ಕೆ ದೊಡ್ಡ ಗ್ಯಾರೇಜು ಬೇಕಾಗಿಲ್ಲ. ಒಂದು ನೋಟುಬುಕ್ಕು, ಒಂದು ಅಳತೆಯ ಲೋಟ, ಏಳು ದಿನಗಳ ತಾಳ್ಮೆ, ಇಷ್ಟು ಸಾಕು.

ಮೊದಲು ವ್ಯವಸ್ಥೆಯನ್ನು ಸ್ವಲ್ಪ ತಿಳಿದುಕೊಳ್ಳೋಣ. ಡೀಸೆಲ್ ಉರಿದಾಗ ಹುಟ್ಟುವ ಶಾಖದಲ್ಲಿ ಸುಮಾರು ಮೂರನೇ ಒಂದು ಭಾಗ ಮಾತ್ರ ಗಾಡಿಯನ್ನು ಎಳೆಯುವ ಕೆಲಸಕ್ಕೆ ಒದಗುತ್ತದೆ. ಇನ್ನೊಂದಷ್ಟು ಹೊಗೆಯ ಜೊತೆ ಹೊರಟುಹೋಗುತ್ತದೆ. ಉಳಿದದ್ದು ಎಂಜಿನ್ನಿನ ಲೋಹವನ್ನು ಕಾಯಿಸುತ್ತದೆ. ಆ ಶಾಖವನ್ನು ಹೊತ್ತು ತರುವುದು ನೀರು ಮತ್ತು ಕೂಲಂಟಿನ ಮಿಶ್ರಣ. ಪಂಪು ಅದನ್ನು ಸುತ್ತಿಸುತ್ತದೆ. ಮೇಣ ತುಂಬಿದ ಪುಟ್ಟ ಕವಾಟವೊಂದು, ಎಂದರೆ ಥರ್ಮೋಸ್ಟಾಟ್, ಸುಮಾರು 80 ಡಿಗ್ರಿ ಸೆಲ್ಸಿಯಸ್ ಆದಾಗ ತೆರೆದು ಬಿಸಿನೀರನ್ನು ರೇಡಿಯೇಟರಿಗೆ ಬಿಡುತ್ತದೆ. ಅಲ್ಲಿ ಗಾಳಿ ಅದನ್ನು ತಣಿಸುತ್ತದೆ.

ಇಲ್ಲಿ ರೇಡಿಯೇಟರಿನ ಮುಚ್ಚಳದ ಪಾತ್ರವನ್ನು ಗಮನಿಸಿ. ನಮ್ಮ ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ವಾಯುವಿನ ಒತ್ತಡ ಕಡಿಮೆ. ಆದ್ದರಿಂದ ನೀರು 100 ಡಿಗ್ರಿಗೆ ಕಾಯದೆ ಸುಮಾರು 97 ಡಿಗ್ರಿಯಲ್ಲೇ ಕುದಿಯುತ್ತದೆ. ಎಂಜಿನ್ನಿಗೆ ಇದು ಸಾಲದು. ಅದಕ್ಕಾಗಿ ಮುಚ್ಚಳದಲ್ಲಿ ಸ್ಪ್ರಿಂಗ್ ಇಟ್ಟು ಒಳಗೆ ಒತ್ತಡ ಉಳಿಯುವಂತೆ ಮಾಡಿರುತ್ತಾರೆ. ಅನೇಕ ಮುಚ್ಚಳಗಳ ಮೇಲೆ 0.9 ಎಂದು ಬರೆದಿರುತ್ತದೆ. ಹೊರಗಿನ ಗಾಳಿಗಿಂತ ಚದರ ಸೆಂಟಿಮೀಟರಿಗೆ 0.9 ಕಿಲೋಗ್ರಾಂ ಹೆಚ್ಚಿನ ಒತ್ತಡ ಎಂದು ಅದರ ಅರ್ಥ. ಅಷ್ಟು ಒತ್ತಡದಲ್ಲಿ ಕುದಿಬಿಂದು 115 ಡಿಗ್ರಿಯನ್ನು ದಾಟುತ್ತದೆ. ಅಡುಗೆಮನೆಯ ಪ್ರೆಷರ್ ಕುಕ್ಕರಿನ ತತ್ತ್ವವೇ ಇದು. ಕುಕ್ಕರಿನ ರಬ್ಬರು ಹಳತಾದಾಗ ಅಂಚಿನಲ್ಲಿ ಹಬೆ ಬಿಡುವುದನ್ನು ಕಂಡಿದ್ದೀರಲ್ಲವೆ? ರೇಡಿಯೇಟರಿನ ಮುಚ್ಚಳವೂ ಹಾಗೆಯೇ ಕೆಡುತ್ತದೆ. ಆದರೆ ಸೀಟಿ ಹೊಡೆದು ಹೇಳುವುದಿಲ್ಲ.

ಮುಂದೆ ಹೋಗುವ ಮೊದಲು ಒಂದು ಎಚ್ಚರಿಕೆ. ಬಿಸಿ ಎಂಜಿನ್ನಿನ ಮುಚ್ಚಳವನ್ನು ಎಂದೂ ತೆಗೆಯಬೇಡಿ. ಏಕೆಂದು ನೀವೇ ಲೆಕ್ಕ ಹಾಕಬಹುದು. ಒಳಗೆ 110 ಡಿಗ್ರಿಯ 8 ಲೀಟರ್ ನೀರು ಇದೆ ಎನ್ನಿ. ಮುಚ್ಚಳ ತೆಗೆದ ಕ್ಷಣ ಒತ್ತಡ ಇಳಿಯುತ್ತದೆ, ಕುದಿಬಿಂದು 97ಕ್ಕೆ ಬರುತ್ತದೆ. ಹೆಚ್ಚುವರಿಯಾದ 13 ಡಿಗ್ರಿಯ ಶಾಖವೆಲ್ಲ ನೀರನ್ನು ಹಬೆ ಮಾಡಲು ಖರ್ಚಾಗಬೇಕು. ನೀರಿನ ವಿಶಿಷ್ಟೋಷ್ಣ 4.2, ಆವಿಯಾಗುವ ಗುಪ್ತೋಷ್ಣ ಸುಮಾರು 2260 ಕಿಲೋಜೌಲ್. ಗುಣಿಸಿ ಭಾಗಿಸಿದರೆ 190 ಗ್ರಾಮಿನಷ್ಟು ನೀರು ಒಮ್ಮೆಲೇ ಹಬೆಯಾಗುತ್ತದೆ ಎಂದು ಬರುತ್ತದೆ. ಅದು 300 ಲೀಟರಿಗೂ ಹೆಚ್ಚು ಜಾಗ ಕೇಳುತ್ತದೆ. ಆ ಹಬೆ ಉಳಿದ ಕುದಿನೀರನ್ನೂ ತಳ್ಳಿಕೊಂಡು ಹೊರಬರುವುದು ನಿಮ್ಮ ಮುಖದ ಕಡೆಗೆ. ಹೀಗಾಗಿ ಮುಚ್ಚಳ ತೆಗೆಯುವುದೆಲ್ಲ ರಾತ್ರಿಯಿಡೀ ನಿಂತು ತಣಿದ ಗಾಡಿಯಲ್ಲಿ, ಬೆಳಗ್ಗೆ, ದೊಡ್ಡವರ ಸಮ್ಮುಖದಲ್ಲಿ. ಫ್ಯಾನಿನ ಹತ್ತಿರ ಕೈ ಹಾಕುವಾಗ ಕೀಲಿ ನಿಮ್ಮ ಜೇಬಿನಲ್ಲಿರಲಿ.

ಈಗ ಪ್ರಶ್ನೆಗೆ ಬರೋಣ. ನೀರು ಹೋಗಬಹುದಾದ ದಾರಿಗಳು ಹೆಚ್ಚಿಲ್ಲ. ಹೊರಗೆ ಹನಿಯಾಗಿ ಬೀಳಬಹುದು. ಬಿಸಿ ಲೋಹದ ಮೇಲೆ ಜಿನುಗಿ, ನೆಲ ಮುಟ್ಟುವ ಮೊದಲೇ ಆವಿಯಾಗಬಹುದು. ಎಂಜಿನ್ ಆಯಿಲಿನೊಳಗೆ ಸೇರಬಹುದು. ಇಲ್ಲವೆ ಸಿಲಿಂಡರಿನೊಳಗೆ ನುಸುಳಿ ಹೊಗೆಯ ಜೊತೆ ಹೊರಟುಹೋಗಬಹುದು. ಯಾವ ದಾರಿ ಎಂದು ಹೇಳುವುದು ನೋಟುಬುಕ್ಕು.

ಕೂಲಂಟ್ ಡಬ್ಬಿಯ ಹೊರಮೈಗೆ ಒಂದು ಬಿಳಿ ಕಾಗದದ ಪಟ್ಟಿ ಅಂಟಿಸಿ. ಪ್ರತಿದಿನ ಬೆಳಗ್ಗೆ, ಎಂಜಿನ್ ಶುರುಮಾಡುವ ಮುನ್ನ, ಗಾಡಿ ಅದೇ ಜಾಗದಲ್ಲಿ ಅದೇ ದಿಕ್ಕಿನಲ್ಲಿ ನಿಂತಿರುವಾಗ, ನೀರಿನ ಮಟ್ಟಕ್ಕೆ ಗೆರೆ ಎಳೆದು ದಿನಾಂಕ ಬರೆಯಿರಿ. ಅಂದಿನ ಕಿಲೋಮೀಟರ್ ಎಷ್ಟು, ಗಾಡಿ ಎಲ್ಲಿಗೆ ಹೋಗಿತ್ತು, ಎಷ್ಟು ಹೊರೆ ಇತ್ತು ಎಂಬುದನ್ನು ಬರೆದಿಡಿ. ನೀರು ಸೇರಿಸಬೇಕಾದರೆ ಅಳೆದು ಸೇರಿಸಿ, ಮಿಲಿಲೀಟರಿನಲ್ಲಿ ಬರೆಯಿರಿ. “ಒಂದು ಸ್ವಲ್ಪ” ಎಂಬುದು ಅಳತೆಯಲ್ಲ.

ಬೆಳಗಿನ ಹೊತ್ತೇ ಏಕೆ ಎಂದು ಕೇಳುತ್ತೀರಿ. ನೀರು 25 ಡಿಗ್ರಿಯಿಂದ 85 ಡಿಗ್ರಿಗೆ ಕಾದರೆ ಅದರ ಗಾತ್ರ ಸುಮಾರು ನೂರಕ್ಕೆ ಮೂರರಷ್ಟು ಹಿಗ್ಗುತ್ತದೆ. 8 ಲೀಟರಿಗೆ ಇದು 240 ಮಿಲಿಲೀಟರಿನಷ್ಟಾಯಿತು, ಒಂದು ದೊಡ್ಡ ಲೋಟದ ನೀರು. ಒಂದು ದಿನ ಬಿಸಿಯಲ್ಲಿ, ಮರುದಿನ ತಣ್ಣಗಿರುವಾಗ ನೋಡಿದವರಿಗೆ ಗಾಡಿ ಒಂದೇ ರಾತ್ರಿಯಲ್ಲಿ ಒಂದು ಲೋಟ ನೀರು ಕುಡಿದಂತೆ ಕಾಣುತ್ತದೆ. ಇಲ್ಲದ ಸೋರಿಕೆಯನ್ನು ಹುಡುಕಿ ಹಣ ಕಳೆದುಕೊಳ್ಳುವುದು ಹೀಗೆಯೇ.

ವಾರದ ಕೊನೆಗೆ ಪುಟವನ್ನು ಓದಿ. ಭಾನುವಾರ ಗಾಡಿ ನಿಂತೇ ಇತ್ತು, ಆದರೂ ಮಟ್ಟ ಇಳಿದಿದೆ ಎಂದರೆ ಸೋರಿಕೆಗೆ ಒತ್ತಡವೂ ಬೇಡ, ಶಾಖವೂ ಬೇಡ. ರಬ್ಬರ್ ಕೊಳವೆ, ಕ್ಲಾಂಪು, ಪಂಪಿನ ಸೀಲು, ರೇಡಿಯೇಟರಿನ ತಳ, ಇವುಗಳನ್ನು ಮೊದಲು ಶಂಕಿಸಬೇಕು. ಭಾನುವಾರ ಏನೂ ಇಳಿಯಲಿಲ್ಲ, ಓಡಿದ ದಿನ ಮಾತ್ರ ಕಿಲೋಮೀಟರಿಗೆ ತಕ್ಕಂತೆ ಇಳಿಯುತ್ತದೆ ಎಂದರೆ ಒತ್ತಡ ಏರಿದಾಗ ಮಾತ್ರ ತೆರೆಯುವ ಬಿರುಕು ಇದೆ. ಕನಕಪುರ ರಸ್ತೆಯ ವಾಹನದಟ್ಟಣೆಯಲ್ಲಿ ತೆವಳಿದ ದಿನ ಹೆಚ್ಚು ಹೋಗುತ್ತದೆ, ಖಾಲಿ ರಸ್ತೆಯಲ್ಲಿ ಓಡಿದ ದಿನ ಇಲ್ಲ ಎಂದಾದರೆ ಎಂಜಿನ್ ಅಳತೆ ಮೀರಿ ಕಾದು ಮುಚ್ಚಳದ ಮೂಲಕ ಹೊರಹಾಕುತ್ತಿರಬಹುದು. ಫ್ಯಾನು, ಅದರ ಬೆಲ್ಟು, ಕಟ್ಟಿಕೊಂಡ ರೇಡಿಯೇಟರ್ ಇವುಗಳ ಕಡೆ ನೋಡಬೇಕು. ಊರೊಳಗೆ ಏನೂ ತೊಂದರೆಯಿಲ್ಲ, ಆದರೆ ಜನ ತುಂಬಿಕೊಂಡು ಶಿರಾಡಿ ಘಾಟಿ ಹತ್ತಿದಾಗ ಅರ್ಧ ಲೀಟರ್ ಮಾಯವಾಗುತ್ತದೆ ಎಂದರೆ ಸಿಲಿಂಡರ್ ಹೆಡ್ಡಿನ ಗ್ಯಾಸ್ಕೆಟ್ಟನ್ನು ನೆನೆಯಬೇಕಾಗುತ್ತದೆ. ಗಾಡಿ ಒಂದೇ, ದೂರು ಒಂದೇ, ಆದರೆ ಪುಟ ಬೇರೆ ಬೇರೆ ಕಡೆ ಬೆರಳು ತೋರಿಸುತ್ತದೆ.

ಇನ್ನೊಂದು ಸಂಗತಿ ಇದೆ. ಡಬ್ಬಿಯಲ್ಲಿ ನೀರು ಭರ್ತಿ ಇದ್ದು ರೇಡಿಯೇಟರಿನಲ್ಲಿ ಮಾತ್ರ ಕಡಿಮೆಯಾಗಿರುವುದುಂಟು. ಎಂಜಿನ್ ಕಾದಾಗ ಹಿಗ್ಗಿದ ನೀರು ಡಬ್ಬಿಗೆ ಹೋಗಬೇಕು, ತಣಿದಾಗ ಹೀರಿಕೊಂಡು ವಾಪಸು ಬರಬೇಕು. ನಡುವಿನ ಸಣ್ಣ ಕೊಳವೆಯಲ್ಲಿ ಕೂದಲೆಳೆಯಷ್ಟು ಸೀಳಿದ್ದರೂ ರೇಡಿಯೇಟರ್ ನೀರಿನ ಬದಲು ಗಾಳಿಯನ್ನು ಎಳೆದುಕೊಳ್ಳುತ್ತದೆ. ಮುಚ್ಚಳದ ನಡುವೆ ಇರುವ ಪುಟ್ಟ ನಿರ್ವಾತ ಕವಾಟ ಅಂಟಿಕೊಂಡರೂ ನೀರು ಮರಳುವುದಿಲ್ಲ. ಡಬ್ಬಿಯನ್ನಷ್ಟೇ ನೋಡುವವರಿಗೆ ಇದು ತಿಳಿಯುವುದೇ ಇಲ್ಲ. ಗೆರೆ ಎಳೆಯುವ ಮೊದಲ ದಿನ ಮತ್ತು ಕೊನೆಯ ದಿನ, ತಣ್ಣಗಿರುವಾಗ, ರೇಡಿಯೇಟರಿನ ಮುಚ್ಚಳವನ್ನೂ ತೆಗೆಸಿ ನೋಡಿ. ಹಳೆಯ ಗಾಡಿಯಲ್ಲಿ ನಾನು ಮೊದಲು ಬದಲಾಯಿಸಿ ನೋಡು ಎನ್ನುವುದು ಈ ಮುಚ್ಚಳವನ್ನೇ. ಇದರಷ್ಟು ಅಗ್ಗದ ಸಂಶಯ ಬೇರೆಯಿಲ್ಲ.

ಹೊರಗಿನ ಸೋರಿಕೆಯ ಗುರುತು ಹಿಡಿಯಲು ರಾತ್ರಿ ಗಾಡಿಯ ಕೆಳಗೆ ಅಗಲವಾದ ರಟ್ಟು ಹಾಸಿ, ಮುಂದಿನ ಚಕ್ರಗಳ ಜಾಗವನ್ನು ಅದರ ಮೇಲೆ ಗುರುತಿಸಿ. ಬೆಳಗ್ಗೆ ಕಲೆ ಇದ್ದರೆ ಅದು ಎಂಜಿನ್ನಿನ ಯಾವ ಭಾಗದ ಕೆಳಗಿದೆ ಎಂದು ನಕ್ಷೆಯಂತೆ ಓದಬಹುದು. ಏರ್ ಕಂಡಿಷನರ್ ಇರುವ ಗಾಡಿಯಲ್ಲಿ ಅದರ ನೀರು ಬಿದ್ದು ಮೋಸ ಮಾಡುವುದುಂಟು. ಆ ನೀರಿಗೆ ಬಣ್ಣವಿಲ್ಲ, ಅದು ಜಾರುವುದಿಲ್ಲ. ಕೂಲಂಟ್ ಬೆರಳಿಗೆ ಜಾರುತ್ತದೆ, ಸಿಹಿಯಾದ ವಾಸನೆ ಕೊಡುತ್ತದೆ. ರುಚಿ ಮಾತ್ರ ನೋಡಬಾರದು. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾದರೂ ವಿಷ. ಮೂತ್ರಪಿಂಡವನ್ನೇ ಕೆಡಿಸುತ್ತದೆ.

ರಟ್ಟು ಒಣಗಿಯೇ ಇದ್ದರೆ ಎಂಜಿನ್ನಿನ ಮೈಯನ್ನೇ ಓದಬೇಕು. ಜಿನುಗಿದ ನೀರು ಆವಿಯಾದರೂ ಅದರಲ್ಲಿ ಕರಗಿದ್ದದ್ದು ಉಳಿಯುತ್ತದೆ. ಹಸಿರು ಕೂಲಂಟಾದರೆ ಹಸಿರು ಹುಡಿ, ಕೆಂಪಾದರೆ ಕೆಂಪು ಗೆರೆ, ಬರೀ ಕೊಳವೆಬಾವಿಯ ನೀರಾದರೆ ಸುಣ್ಣದಂಥ ಬಿಳಿ ಕಲೆ. ಟಾರ್ಚು ಹಿಡಿದು ಪಂಪಿನ ಅಡಿಯಲ್ಲಿ ನೋಡಿ. ಅಲ್ಲೊಂದು ಸಣ್ಣ ರಂಧ್ರವಿರುತ್ತದೆ. ಒಳಗಿನ ಸೀಲು ಸವೆದರೆ ನೀರು ಬೇರಿಂಗಿಗೆ ಹೋಗದೆ ಹೊರಗೆ ಬರಲಿ ಎಂದು ತಯಾರಕರೇ ಬಿಟ್ಟ ದಾರಿ ಅದು. ಅಲ್ಲಿಂದ ಕೆಳಗೆ ಒಣಗಿದ ಗೆರೆ ಇದ್ದರೆ ಪಂಪಿನ ಕಾಲ ಮುಗಿಯುತ್ತಾ ಬಂದಿದೆ. ಕೆಲವರು ಆ ರಂಧ್ರವನ್ನೇ ಎಂ-ಸೀಲಿನಿಂದ ಮುಚ್ಚುತ್ತಾರೆ. ಅದು ಜ್ವರ ಬಂತೆಂದು ಥರ್ಮಾಮೀಟರ್ ಒಡೆದ ಹಾಗೆ.

ರೇಡಿಯೇಟರಿನಲ್ಲಿ ಹಿತ್ತಾಳೆ ತಾಮ್ರದ್ದಾದರೆ ಬೆಸುಗೆಯ ಅಂಚನ್ನು, ಅಲ್ಯೂಮಿನಿಯಮ್ಮಿನದಾದರೆ ಪ್ಲಾಸ್ಟಿಕ್ ತೊಟ್ಟಿ ಸೇರುವ ಅಂಚನ್ನು ನೋಡಬೇಕು. ರಬ್ಬರ್ ಕೊಳವೆಯ ತುದಿಗಳ ವಿಷಯ ವಿಚಿತ್ರ. ಕೆಲವು ಕ್ಲಾಂಪುಗಳು ಚಳಿಯ ಮುಂಜಾನೆ ಮಾತ್ರ ಜಿನುಗಿ, ಎಂಜಿನ್ ಕಾದು ಹಿಗ್ಗಿದ ಮೇಲೆ ತಾವಾಗಿಯೇ ನಿಲ್ಲುತ್ತವೆ. ಮಧ್ಯಾಹ್ನ ಗ್ಯಾರೇಜಿಗೆ ಒಯ್ದರೆ ಎಲ್ಲ ಸರಿಯಾಗಿಯೇ ಇರುತ್ತದೆ! ಎಂಜಿನ್ ಬ್ಲಾಕಿನ ಪಕ್ಕದಲ್ಲಿ ಉಕ್ಕಿನ ಬಿಲ್ಲೆಗಳಂಥ ಕೋರ್ ಪ್ಲಗ್ಗುಗಳಿವೆ. ಬರೀ ನೀರು ಹಾಕಿ ಓಡಿಸಿದ ಗಾಡಿಗಳಲ್ಲಿ ಇವು ಒಳಗಿನಿಂದ ತುಕ್ಕು ತಿಂದು ಸೂಜಿಮೊನೆಯಷ್ಟು ತೂತಾಗುತ್ತವೆ. ಹಿಂದುಗಡೆ ಇರುವವು ಕಣ್ಣಿಗೆ ಕಾಣುವುದೇ ಕಷ್ಟ. ಹೀಟರ್ ಇರುವ ಗಾಡಿಯಾದರೆ ಮುಂದಿನ ಸೀಟಿನ ಕಾಲಡಿಯ ಹಾಸು ತೇವವಾಗಿದೆಯೇ ಎಂದು ಮುಟ್ಟಿ ನೋಡಿ.

ಇಷ್ಟಾದರೂ ಸಿಗದಿದ್ದರೆ ಮೆಕ್ಯಾನಿಕರ ಬಳಿ ಒತ್ತಡ ಪರೀಕ್ಷೆ ಕೇಳಿ. ವೈದ್ಯರು ರಕ್ತದೊತ್ತಡ ನೋಡುವ ಉಪಕರಣದಂತೆ ಇದಕ್ಕೂ ಒಂದು ಕೈಪಂಪು, ಒಂದು ಮುಳ್ಳು. ಎಂಜಿನ್ ತಣ್ಣಗಿರುವಾಗಲೇ ಮುಚ್ಚಳದ ಜಾಗಕ್ಕೆ ಸಿಕ್ಕಿಸಿ, ಮುಚ್ಚಳದ ಮೇಲೆ ಬರೆದಷ್ಟೇ ಒತ್ತಡ ಕೊಟ್ಟು ಹದಿನೈದು ನಿಮಿಷ ಕಾಯುತ್ತಾರೆ. ಬಿಸಿಯಿಲ್ಲದೆ ಒತ್ತಡ ಮಾತ್ರ ಇರುವುದರಿಂದ ಜಿನುಗಿದ ನೀರು ಆವಿಯಾಗದೆ ಹನಿಯಾಗಿಯೇ ನಿಲ್ಲುತ್ತದೆ. ಕಾಣದ ಸೋರಿಕೆ ಕಾಣುವುದು ಆಗಲೇ. ಮುಳ್ಳು ಇಳಿಯುತ್ತಿದೆ, ಹೊರಗೆ ಹನಿಯಿಲ್ಲ ಎಂದರೆ ನೀರು ಎಂಜಿನ್ನಿನ ಒಳಗೆ ಹೋಗುತ್ತಿದೆ.

ಒಳಗಿನ ಸೋರಿಕೆ ಭಯಪಡಿಸುವ ಮಾತು. ಹಳೆಯ ಮಾದರಿಯ ಡೀಸೆಲ್ ಎಂಜಿನ್ನುಗಳು ಗಾಳಿಯನ್ನು ಸುಮಾರು ಇಪ್ಪತ್ತೆರಡರಲ್ಲಿ ಒಂದು ಭಾಗಕ್ಕೆ ಅದುಮುತ್ತವೆ. ಅಷ್ಟು ಒತ್ತಡವನ್ನು ನೀರಿನ ಹಾದಿಯಿಂದ ಬೇರ್ಪಡಿಸುವುದು ಕಾಗದದಂತೆ ತೆಳುವಾದ ಒಂದು ಗ್ಯಾಸ್ಕೆಟ್. ಅದು ಸೀಳಿದರೆ ನೀರು ಸಿಲಿಂಡರಿಗೆ ಹೋಗುವುದಕ್ಕಿಂತ ಮೊದಲು ಉರಿದ ಅನಿಲ ನೀರಿನೊಳಗೆ ನುಗ್ಗುತ್ತದೆ. ಇದನ್ನು ಕಂಡುಹಿಡಿಯಲು ಒಂದು ಸರಳ ಪರೀಕ್ಷೆಯಿದೆ. ಬೆಳಗ್ಗೆ ತಣ್ಣಗಿನ ಎಂಜಿನ್ನನ್ನು ಶುರುಮಾಡಿಸಿ, ಒಂದು ನಿಮಿಷದೊಳಗೆ, ಫ್ಯಾನಿನಿಂದ ದೂರವಿದ್ದು, ಮೇಲಿನ ದಪ್ಪ ಕೊಳವೆಯನ್ನು ದೊಡ್ಡವರಿಂದ ಹಿಸುಕಿಸಿ. ನೀರಿನ್ನೂ ಕಾದಿಲ್ಲ, ಆದ್ದರಿಂದ ಅದು ಮೆತ್ತಗಿರಬೇಕು. ಅಷ್ಟರಲ್ಲೇ ಕಲ್ಲಿನಂತೆ ಗಟ್ಟಿಯಾಗಿದ್ದರೆ ಆ ಒತ್ತಡ ಬಂದದ್ದು ಶಾಖದಿಂದಲ್ಲ.

ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದುವವರಿಗೆ ಇದರ ಸಾಕ್ಷ್ಯ ಇನ್ನೂ ಸೊಗಸಾಗಿದೆ. ಬ್ರೋಮೋಥೈಮಾಲ್ ಬ್ಲೂ ಎಂಬ ಸೂಚಕವನ್ನು ನೀವು ಪ್ರಯೋಗಾಲಯದಲ್ಲಿ ಕಂಡಿರಬಹುದು. ಅದರ ನೀಲಿ ದ್ರಾವಣದೊಳಗೆ ಹೀರುಕೊಳವೆಯಿಂದ ಉಸಿರು ಊದಿದರೆ ಇಂಗಾಲದ ಡೈಆಕ್ಸೈಡ್ ಕರಗಿ ಬಣ್ಣ ಹಸಿರಾಗಿ, ಹಳದಿಯಾಗುತ್ತದೆ. ಗ್ಯಾರೇಜಿನವರ ಬಳಿ ಇರುವ ನೀಲಿ ದ್ರವದ ಪರೀಕ್ಷೆಯೂ ಇದೇ ಬಗೆಯದು. ರೇಡಿಯೇಟರಿನ ಬಾಯಲ್ಲಿ ನಿಂತ ಗಾಳಿಯನ್ನು ಆ ದ್ರವದ ಮೂಲಕ ಎಳೆಯುತ್ತಾರೆ. ನೀರಿನ ಮೇಲಿನ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಇಷ್ಟೊಂದು ಇರಲು ಕಾರಣವಿಲ್ಲ. ನೀಲಿ ಹೋಗಿ ಹಸಿರೋ ಹಳದಿಯೋ ಬಂದರೆ ಅದು ಉರಿದ ಡೀಸೆಲಿನ ಉಸಿರು.

ಆಯಿಲ್ ತುಂಬುವ ಮುಚ್ಚಳದಡಿ ಹಾಲಿನ ಕೆನೆಯಂಥದು ಕಂಡರೆ ತಕ್ಷಣ ಗಾಬರಿಯಾಗಬೇಡಿ. ಮನೆಯಿಂದ ಅಂಗಡಿಗೆ, ಅಂಗಡಿಯಿಂದ ಮನೆಗೆ ಎಂದು ಗಿಡ್ಡ ದೂರವಷ್ಟೇ ಓಡುವ ಗಾಡಿಯಲ್ಲಿ ಗಾಳಿಯ ತೇವವೇ ಅಲ್ಲಿ ಹಾಗೆ ಕೂರುತ್ತದೆ. ಅಳತೆಕಡ್ಡಿಯ ಆಯಿಲೂ ಹಾಗೆಯೇ ಆಗಿದ್ದು, ಮಟ್ಟವೂ ಏರಿದ್ದರೆ ಆಗ ಗಾಡಿಯನ್ನು ನಿಲ್ಲಿಸಬೇಕು. ಬೆಳಗಿನ ಬಿಳಿ ಹೊಗೆಯೂ ಹೀಗೆಯೇ. ಕಣ್ಣು ಉರಿಸುವ, ಘಾಟು ವಾಸನೆಯದು ಉರಿಯದ ಡೀಸೆಲ್. ವಾಸನೆ ಕಡಿಮೆಯಿದ್ದು, ಬಂದಷ್ಟೇ ಬೇಗ ಕರಗಿಹೋಗುವುದು ಹಬೆ. ಎಂಜಿನ್ ಚೆನ್ನಾಗಿ ಕಾದ ಮೇಲೂ ಹಬೆ ನಿಲ್ಲದಿದ್ದರೆ ಅದು ನೋಟುಬುಕ್ಕಿಗೆ ಹೋಗಬೇಕಾದ ಸಂಗತಿ.

ನೀರಿನ ಬಗ್ಗೆ ಎರಡು ಮಾತು. ಉತ್ತರಹಳ್ಳಿಯ ಸುತ್ತಮುತ್ತ ಕೊಳವೆಬಾವಿಯ ನೀರು, ಟ್ಯಾಂಕರಿನ ನೀರು ಹೊಸದೇನಲ್ಲ. ಗೀಸರಿನ ಸುರುಳಿಯ ಮೇಲೆ, ಹಂಡೆಯ ಒಳಮೈಯಲ್ಲಿ ಬಿಳಿ ಪೊರೆ ಕಟ್ಟುವುದನ್ನು ನೀವು ನೋಡಿದ್ದೀರಿ. ಅದೇ ತಾತ್ಕಾಲಿಕ ಗಡಸುತನ. ಕಾಯಿಸಿದಾಗ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಒಡೆದು ಕಾರ್ಬೊನೇಟ್ ಕೆಳಗೆ ಕೂರುತ್ತದೆ. ಅದೇ ನೀರನ್ನು ಗಾಡಿಗೆ ಹಾಕಿದರೆ ಅದೇ ಪೊರೆ ಎಂಜಿನ್ನಿನ ಒಳಗೂ ಕಟ್ಟುತ್ತದೆ, ಶಾಖವನ್ನು ಹೊರಗೆ ಬಿಡುವುದಿಲ್ಲ. ಸೋರಿಕೆ ಇರುವ ಗಾಡಿಗೆ ವಾರವಾರವೂ ಹೊಸ ನೀರು, ಆದ್ದರಿಂದ ವಾರವಾರವೂ ಹೊಸ ಸುಣ್ಣ. ಬಟ್ಟಿ ಇಳಿಸಿದ ನೀರನ್ನೇ ಬಳಸಿ. ಬೆಂಗಳೂರಿನಲ್ಲಿ ಕೂಲಂಟ್ ಏಕೆ, ಇಲ್ಲಿ ನೀರು ಹೆಪ್ಪುಗಟ್ಟುವುದಿಲ್ಲವಲ್ಲ ಎಂದು ವಾದಿಸುವವರಿದ್ದಾರೆ. ನಿಜ, ನಮ್ಮ ನಗರದ ಅತಿ ಕಡಿಮೆ ಉಷ್ಣತೆ 1884ರ ಜನವರಿಯಲ್ಲಿ ದಾಖಲಾದ 7.8 ಡಿಗ್ರಿ. ಆದರೆ ಇಲ್ಲಿ ಕೂಲಂಟಿನ ಮುಖ್ಯ ಕೆಲಸ ತುಕ್ಕು ತಡೆಯುವುದು.

ಅರಿಶಿನ ಪುಡಿಯ ಉಪಾಯವನ್ನು ಹಳೆಯ ಚಾಲಕರು ಹೇಳಬಹುದು. ಒಂದು ಮುಷ್ಟಿ ಅರಿಶಿನವನ್ನು ರೇಡಿಯೇಟರಿಗೆ ಹಾಕಿದರೆ ಸಣ್ಣ ತೂತು ಕಟ್ಟಿಕೊಳ್ಳುತ್ತದೆ. ರಾತ್ರಿ ಹೊತ್ತು, ಊರಿಲ್ಲದ ಕಡೆ, ಮನೆ ಸೇರಲು ಅದು ನೆರವಾಗಬಹುದು. ಆದರೆ ಅರಿಶಿನಕ್ಕೆ ತೂತಿಗೂ ರೇಡಿಯೇಟರಿನ ಸಣ್ಣ ನಾಳಗಳಿಗೂ ವ್ಯತ್ಯಾಸ ತಿಳಿಯದು. ಎರಡನ್ನೂ ಕಟ್ಟುತ್ತದೆ. ಅಂಗಡಿಯಲ್ಲಿ ಸಿಗುವ ಸೋರಿಕೆ ತಡೆಯುವ ದ್ರವಗಳ ಮೇಲೂ ನನಗೆ ಹೆಚ್ಚು ನಂಬಿಕೆಯಿಲ್ಲ.

ಇಷ್ಟೆಲ್ಲ ಅವಸರ ಏಕೆಂದರೆ, ಉಷ್ಣತೆಯ ಮುಳ್ಳನ್ನು ಪೂರ್ತಿಯಾಗಿ ನಂಬುವ ಹಾಗಿಲ್ಲ. ಅದು ನೀರಿನಲ್ಲಿ ಮುಳುಗಿದ ಒಂದು ಸಂವೇದಕದ ಮಾತನ್ನು ಕೇಳಿ ಹೇಳುತ್ತದೆ. ನೀರು ಅದಕ್ಕಿಂತ ಕೆಳಗೆ ಇಳಿದರೆ ಸಂವೇದಕ ಗಾಳಿಯಲ್ಲಿ ನಿಲ್ಲುತ್ತದೆ, ಮುಳ್ಳು ಏರುವ ಬದಲು ಇಳಿಯುವುದೂ ಉಂಟು. ಚಾಲಕ ಎಲ್ಲ ಕ್ಷೇಮವೆಂದುಕೊಂಡಿರುವಾಗಲೇ ಸಿಲಿಂಡರ್ ಹೆಡ್ ಬಾಗುತ್ತಿರುತ್ತದೆ. ಓಡುವಾಗ ಮುಳ್ಳು ಇದ್ದಕ್ಕಿದ್ದಂತೆ ಬಿದ್ದರೆ, ಸಿಹಿ ವಾಸನೆ ಬಂದರೆ, ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿ ಎಂಜಿನ್ ಆರಿಸಬೇಕು. ಅವಸರದಲ್ಲಿ ತಣ್ಣೀರು ಸುರಿಯಬಾರದು. ಕಾದ ಎರಕದ ಕಬ್ಬಿಣ ಬಿರಿಯುತ್ತದೆ. ಒಂದು ಗಂಟೆಯಾದರೂ ಕಾಯಬೇಕು. ಕ್ಲಾಂಪಿನ ಕೆಲಸ ಒಂದು ಊಟದ ಖರ್ಚಿನಲ್ಲಿ ಆಗುತ್ತದೆ. ಬಾಗಿದ ಹೆಡ್ಡಿಗೆ ಗಾಡಿ ವಾರಗಟ್ಟಲೆ ನಿಲ್ಲಬೇಕಾಗುತ್ತದೆ. ಆ ವಾರಗಳಲ್ಲಿ ಶಾಲೆಯ ಬಾಡಿಗೆಯೂ ಇಲ್ಲ, ಮಂಡಿಯ ಬಾಡಿಗೆಯೂ ಇಲ್ಲ.

ಗ್ಯಾರೇಜಿಗೆ ಹೋಗುವಾಗ ನೋಟುಬುಕ್ಕನ್ನು ಜೊತೆಗೆ ಒಯ್ಯಿರಿ. “ನೀರು ಕಡಿಮೆಯಾಗ್ತಿದೆ” ಎಂದು ಹೇಳುವುದಕ್ಕೂ “ನಿಂತಾಗ ಏನೂ ಹೋಗುವುದಿಲ್ಲ, 40 ಕಿಲೋಮೀಟರ್ ಓಡಿದರೆ 60 ಮಿಲಿಲೀಟರ್ ಹೋಗುತ್ತದೆ” ಎಂದು ಹೇಳುವುದಕ್ಕೂ ಬಹಳ ಅಂತರವಿದೆ. ಎರಡನೆಯ ಮಾತು ಕೇಳಿದ ಒಳ್ಳೆಯ ಮೆಕ್ಯಾನಿಕ್ ಪಾನಾ ಕೆಳಗಿಟ್ಟು ಪುಟ ತಿರುವುತ್ತಾನೆ. ಕೆಲಸದಲ್ಲಿ ತೆಗೆದ ಹಳೆಯ ಕೂಲಂಟನ್ನು ಚರಂಡಿಗೆ ಬಿಡದಂತೆ ಕೇಳಿಕೊಳ್ಳಿ. ಆ ನೀರು ರಾಜಕಾಲುವೆ ಹಿಡಿದು ಕೆರೆಗೆ ಹೋಗುತ್ತದೆ. ತಟ್ಟೆಯಲ್ಲಿ ಬಿಟ್ಟರೆ ಬೀದಿನಾಯಿ ಸಿಹಿಗೆ ಆಸೆಪಟ್ಟು ನೆಕ್ಕುತ್ತದೆ. ಮುಚ್ಚಳವಿರುವ ಕ್ಯಾನಿನಲ್ಲಿ ತುಂಬಿಸಿ, ಮೇಲೆ ಹೆಸರು ಬರೆದಿಡಿಸಿ.

ರಿಪೇರಿಯಾಗಿ ಮನೆಗೆ ಬಂದ ಮೊದಲ ಎರಡು ದಿನ ಮಟ್ಟ ಸ್ವಲ್ಪ ಇಳಿಯಬಹುದು. ಒಳಗೆ ಸಿಕ್ಕಿಕೊಂಡಿದ್ದ ಗಾಳಿ ಹೊರಬಂದು ಅದರ ಜಾಗಕ್ಕೆ ನೀರು ಹೋಗುತ್ತದೆ. ಅದನ್ನು ಬಿಟ್ಟು, ಮೂರನೆಯ ದಿನದಿಂದ ಡಬ್ಬಿಗೆ ಹೊಸ ಕಾಗದದ ಪಟ್ಟಿ ಅಂಟಿಸಿ. ಮತ್ತೆ ಏಳು ದಿನ, ಅದೇ ಹೊತ್ತು, ಅದೇ ಜಾಗ. ಏಳು ಗೆರೆಗಳೂ ಒಂದರ ಮೇಲೊಂದು ಕೂತು ಒಂದೇ ಗೆರೆಯಾಗಿ ಕಂಡರೆ ರಿಪೇರಿ ಸರಿಯಾಗಿದೆ.